ಬರೀ ಬೆಲ್ಲದ ನೀರು

ಹೋದ ವಾರ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಏನಾದರೂ ಕೊಳ್ಳೋಣವೆಂದು ಮೈಸೂರಿನ ಪಾತ್ರೆ ಅಂಗಡಿಯೊಂದಕ್ಕೆ ಹೋಗಿದ್ದೆ. ಬೆಳ್ಳಿ ಲೋಟ, ಬೆಳ್ಳಿ ಬಟ್ಟಲು ಎಲ್ಲ ನೋಡಿ ಮುಗಿದ ಮೇಲೆ ಅಂಗಡಿಯ ಹುಡುಗಿ ಕಪಾಟಿನ ಮೂಲೆಯಿಂದ ಒಂದು ಹಿತ್ತಾಳೆ ಒಳಲೆ ತೆಗೆದು ನನ್ನ ಮುಂದಿಟ್ಟಳು. ಅಂಗೈಯಲ್ಲಿ ಹಿಡಿಸುವ ಪುಟ್ಟ ಬಟ್ಟಲು, ಮುಂದಕ್ಕೆ ಚಾಚಿದ ಕೊಕ್ಕು. ಹಸುಗೂಸಿಗೆ ಹಾಲನ್ನೋ ಹರಳೆಣ್ಣೆಯನ್ನೋ ಕುಡಿಸುವುದಕ್ಕೆ ಹಿಂದೆ ಎಲ್ಲರ ಮನೆಯಲ್ಲೂ ಇರುತ್ತಿತ್ತು. “ಇದನ್ನ ಈಗ ಯಾರೂ ಬಳಸಲ್ಲ ಮೇಡಂ, ಶೋಕೇಸಿಗೆ ಚೆನ್ನಾಗಿರುತ್ತೆ” ಎಂದಳು. ಎತ್ತಿ ಮೂಗಿನ ಹತ್ತಿರ ಹಿಡಿದೆ. ಅದೇ ಹಿತ್ತಾಳೆಯ ವಾಸನೆ... ಅಂಗಡಿಯಲ್ಲಿ ನಿಂತಲ್ಲೇ ನನ್ನ ಮುಖ ಬಿಸಿಯಾಯಿತು. ಎಪ್ಪತ್ತು ದಾಟಿದ ಹೆಂಗಸಿಗೆ ಇಷ್ಟು ನಾಚಿಕೆ ಎಲ್ಲಿಂದ ಬಂತೆಂದು ಆ ಹುಡುಗಿಗೆ ಹೇಗೆ ಗೊತ್ತಾಗಬೇಕು.

ನನ್ನ ಬಾಯಿಗೆ ಕೊನೆಯ ಸಲ ಒಳಲೆ ಇಟ್ಟಾಗ ನಾನು ಹಸುಗೂಸಾಗಿರಲಿಲ್ಲ. ಬಿ.ಎಸ್ಸಿ. ಮುಗಿಸಿ, ಚುಂಚನಕಟ್ಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಟೀಚರಾಗಿದ್ದೆ. ಎಪ್ಪತ್ತರ ದಶಕ ಆಗತಾನೆ ಶುರುವಾಗಿತ್ತು.

ನಮ್ಮಪ್ಪನದು ಪಿರಿಯಾಪಟ್ಟಣದಲ್ಲಿ ದಿನಸಿ ಅಂಗಡಿ. ವಿಭೂತಿ ಇಡದೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿರಲಿಲ್ಲ. ಮಗಳನ್ನು ಒಬ್ಬಳೇ ಪರಸ್ಥಳಕ್ಕೆ ಕೆಲಸಕ್ಕೆ ಕಳಿಸುವುದೇ ಆ ಕಾಲಕ್ಕೆ ದೊಡ್ಡ ಮಾತು. ಅಪ್ಪ ಕಳಿಸಿದರು. ಆದರೆ ಒಂದು ಮಾತು ತೆಗೆದುಕೊಂಡೇ ಕಳಿಸಿದರು. ಬೇರೆಯವರ ಮನೆಯಲ್ಲಿ ಹಾಲು, ಹಣ್ಣು, ಬೆಲ್ಲ ಏನು ಕೊಟ್ಟರೂ ತಗೋ, ಉಪ್ಪು ಬಿದ್ದದ್ದು ಮಾತ್ರ ಬೇಡ. ಅದೇ ಅಪ್ಪ ಊರಿಗೆಲ್ಲ ಉಪ್ಪು ಮಾರುತ್ತಿದ್ದರು. ಉಪ್ಪಿನ ಮೂಟೆ ಹಗಲಿರುಳೂ ಅಂಗಡಿಯ ಹೊರಗೇ ಇರುತ್ತಿತ್ತು. ಮೂಟೆಯಲ್ಲಿರುವ ತನಕ ಉಪ್ಪಿಗೆ ಜಾತಿಯಿಲ್ಲ, ಇನ್ನೊಬ್ಬರ ಮಡಕೆಗೆ ಇಳಿದ ಕೂಡಲೇ ಬಂದುಬಿಡುತ್ತದೆ. ಇದು ಅಪ್ಪನ ಲೆಕ್ಕಾಚಾರ. ನನಗೂ ಆಗ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ನಾನು ಬಾಡಿಗೆಗಿದ್ದ ಕೋಣೆಯ ಹಿಂದೆ ಒಂದು ಹಿತ್ತಿಲು, ಹಿತ್ತಿಲಿಗೆ ಲಂಟಾನದ ಬೇಲಿ. ಬೇಲಿಯಾಚೆ ಹೊಳೆಯಲ್ಲಿ ಬಲೆ ಹಾಕುವವರ ಮನೆಗಳು. ಅಲ್ಲಿ ಮೊದಲ ಮನೆಯಲ್ಲಿ ಒಬ್ಬಳು ಅವ್ವ ಇದ್ದಳು. ಗಂಡನಿಲ್ಲ, ಮದುವೆಗೆ ಬಂದ ಮಗನೊಬ್ಬ. ಅವ್ವ ಗಿಡ್ಡ ಆಳು, ದೊಡ್ಡ ಗಂಟಲು. ಹೊಳೆಯ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದವರ ಗಂಟಲು ಹಾಗೆಯೇ ಇರುತ್ತದೆ. ನಾನು ಬಾವಿಗೆ ನೀರಿಗೆ ಹೋದರೆ ಸಾಕು, ಬೇಲಿಯ ಮೇಲೆ ಅವಳ ತಲೆ ಕಾಣುತ್ತಿತ್ತು. “ಏನ್ ಟೀಚರಮ್ಮ, ಇವತ್ತೂ ಅನ್ನಕ್ಕೆ ಮೊಸ್ರೇಯಾ?” ಎಂದು ಕೆಣಕುತ್ತಿದ್ದಳು. ಬದನೆಕಾಯಿ, ದಂಟಿನ ಸೊಪ್ಪು ಬೇಲಿಯ ಮೇಲಿಂದ ಬರುತ್ತಿದ್ದವು. ಬೇಯಿಸಿದ್ದು ಒಂದೂ ಬರುತ್ತಿರಲಿಲ್ಲ. ನಾನು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಅವಳಿಗೆ ಗೊತ್ತಿತ್ತು.

ಆ ವರ್ಷ ಹೊಳೆಗೆ ಹೊಸ ನೀರು ಬಂತು. ಕೆಂಪಗೆ, ಮಣ್ಣು ಕದಡಿದ ನೀರು. ಕಟ್ಟೆಯ ಮೇಲೆ ನೊರೆ ಹಾರುವುದನ್ನು ನೋಡಲು ಶಾಲೆಯ ಮಕ್ಕಳನ್ನು ನಾನೇ ಕರೆದುಕೊಂಡು ಹೋಗಿದ್ದೆ. ಅದರ ಹಿಂದೆಯೇ ಊರಿನಲ್ಲಿ ವಾಂತಿಭೇದಿ ಶುರುವಾಯಿತು. ಬಾವಿಯ ನೀರನ್ನು ಕಾಯಿಸಿ ಕುಡಿಯಿರಿ ಎಂದು ಮಕ್ಕಳಿಗೆ ಪಾಠ ಹೇಳಿದ ನಾನು ಮನೆಗೆ ಬಂದು ಬಾಯಾರಿಕೆಗೆ ಕೊಡದಿಂದ ಮೊಗೆದು ಹಾಗೇ ಕುಡಿದಿದ್ದೆ. ಸೌದೆ ಹಸಿಯಾಗಿತ್ತು, ಒಲೆ ಹಚ್ಚಲು ಬೇಜಾರು.

ಹೊಟ್ಟೆ ಕೆಟ್ಟದ್ದು ತರಗತಿಯಲ್ಲೇ. ಬೋರ್ಡಿನ ಮೇಲೆ ಜೀವಕೋಶದ ಚಿತ್ರ ಬರೆಯುತ್ತಿದ್ದೆ. ಮೈಟೋಕಾಂಡ್ರಿಯಾ ಎಂಬ ಹೆಸರು ಹಳ್ಳಿ ಮಕ್ಕಳ ನಾಲಿಗೆಗೆ ಹೊರಳುವುದಿಲ್ಲವೆಂದು ನಾನು ಅದನ್ನು “ಜೀವಕೋಶದ ಒಲೆ” ಎಂದು ಕರೆಯುತ್ತಿದ್ದೆ. ಸಕ್ಕರೆಯೇ ಸೌದೆ, ಈ ಒಲೆ ಆರಿದರೆ ಮನುಷ್ಯ ಆರಿದ ಹಾಗೆ ಎನ್ನುತ್ತಿದ್ದಂತೆ ಹೊಟ್ಟೆ ತೊಳಸಿ ಬಂತು. ಹೊರಗೆ ಓಡಿದೆ. ಬಾಗಿಲು ದಾಟುವಷ್ಟರಲ್ಲಿ ಸೀರೆ ಕೆಟ್ಟಿತ್ತು. ಮುಂದಿನ ಬೆಂಚಿನ ಹುಡುಗಿಯರು ನೋಡಿದರು. ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಕೋಣೆಗೆ ಬಂದು ಒಳಗಿನಿಂದ ಚಿಲಕ ಹಾಕಿಕೊಂಡೆ. ಮನೆಯ ಯಜಮಾನರು ಮದುವೆಗೆಂದು ಊರಿಗೆ ಹೋಗಿದ್ದರು. ಹೆಡ್ ಮಾಸ್ಟರು ಬಾಗಿಲು ತಟ್ಟಿ ಕೇಳಿದಾಗ ಏನೂ ಇಲ್ಲ, ತಲೆನೋವು ಎಂದೆ. ಅವರು ನಂಬಲಿಲ್ಲ, ಅಪ್ಪನಿಗೆ ತಂತಿ ಕೊಟ್ಟರಂತೆ. ನಾಲೆ ಉಕ್ಕಿ ರಸ್ತೆ ಮುಳುಗಿದ್ದರಿಂದ ಕೆ.ಆರ್. ನಗರದ ಆಸ್ಪತ್ರೆಗೆ ಬಸ್ಸಿರಲಿಲ್ಲ. ನಾನು ಮಾತ್ರ ಯಾರೂ ಬರದಿರಲಿ ಎಂದೇ ಬೇಡಿಕೊಳ್ಳುತ್ತಿದ್ದೆ. ಸತ್ತರೂ ಚಿಂತೆಯಿಲ್ಲ, ಈ ಸ್ಥಿತಿಯಲ್ಲಿ ನನ್ನನ್ನು ಯಾರೂ ನೋಡಬಾರದು... ನಾಚಿಕೆ ಅಂದರೆ ಅಷ್ಟು ಪೆದ್ದು.

ಮಾರನೆಯ ಬೆಳಿಗ್ಗೆ ಬಾವಿಯ ರಾಟೆಯ ಸದ್ದು ಕೇಳಲಿಲ್ಲವೆಂದು ಅವ್ವ ಬೇಲಿ ದಾಟಿ ಬಂದಳು. ಅದಕ್ಕೆ ಮೊದಲು ಅವಳು ಯಾವತ್ತೂ ಬೇಲಿ ದಾಟಿರಲಿಲ್ಲ. ಹಿಂಬಾಗಿಲ ಅಗುಳಿ ಹಳೆಯದು, ಭುಜ ಕೊಟ್ಟು ನೂಕಿದಳು. ಕೋಣೆಯ ವಾಸನೆಗೆ ಮೂಗು ಮುಚ್ಚಲಿಲ್ಲ. ನಾನು ಗೋಡೆಯ ಕಡೆ ತಿರುಗಿಕೊಂಡು ಅಳತೊಡಗಿದೆ. ಅಳಲು ಕಣ್ಣಲ್ಲಿ ನೀರೂ ಇರಲಿಲ್ಲ.

ಮೊದಲು ಬೆಲ್ಲದ ನೀರು ತಂದಳು. ಲೋಟದಲ್ಲಿ ಕುಡಿದರೆ ಕಕ್ಕುತ್ತಿದ್ದೆ, ಏಳಲು ಆಗುತ್ತಿರಲಿಲ್ಲ. ಹೋಗಿ ಮಗನ ಕಾಲದ ಒಳಲೆ ಹುಡುಕಿ ತಂದು, ತೊಡೆಯ ಮೇಲೆ ನನ್ನ ತಲೆ ಇಟ್ಟುಕೊಂಡು, ಹನಿ ಹನಿಯಾಗಿ ಬಿಟ್ಟಳು. ಬೆಲ್ಲದ ನೀರಿಗೆ ದೋಷವಿಲ್ಲ, ಕುಡಿದೆ. ಕುಡಿದಷ್ಟೂ ಕೆಳಗೆ ಹೋಯಿತು. ಬಿಸಿಲೇರುವ ಹೊತ್ತಿಗೆ ಮೀನಖಂಡಗಳು ಸೆಳೆಯತೊಡಗಿದವು, ಬೆರಳ ತುದಿಯ ಚರ್ಮ ನೆರಿಗೆಗಟ್ಟಿತು. ಅವ್ವ ಕೂಗುವಂಥ ಗಂಟಲನ್ನು ತಗ್ಗಿಸಿ ಹೇಳಿದಳು.

“ಟೀಚರಮ್ಮ, ನಿಮ್ಮೊಟ್ಟೆ ನನ್ ಬೆಲ್ಲವ ಜಗ್ಲಿ ಮೇಲೇ ಕೂರ್ಸಿ ವಾಪಸ್ ಕಳಿಸ್ತಾ ಅದೆ. ಒಳೀಕೇ ಬುಡ್ತಾ ಇಲ್ಲ. ಒಸಿ ಉಪ್ಪು ಆಕ್ತೀನಿ.”

“ಬೇಡವ್ವ” ಎಂದೆ. “ನಮ್ಮಪ್ಪಂಗೆ ಮಾತು ಕೊಟ್ಟಿದ್ದೀನಿ.”

“ನಿಮ್ಮಪ್ಪ ಬರೋವೊತ್ಗೆ ಮಾತು ಇರ್ತದೆ, ನೀನಿರಲ್ಲ.”

ನಾನು ತುಟಿ ಬಿಗಿ ಹಿಡಿದೆ. ಅವಳ ಮನೆಯ ಉಪ್ಪು ಯಾವುದೆಂದು ನನಗೆ ಗೊತ್ತಿತ್ತು. ಬಲೆಯಲ್ಲಿ ಹೆಚ್ಚು ಸಿಕ್ಕ ದಿನ ಮೀನಿಗೆ ಹಚ್ಚಿ ಒಣಹಾಕುವ ಅದೇ ಮಡಕೆಯ ಹರಳುಪ್ಪು. ಅವ್ವ ಎದ್ದು ಹೋಗಿ ಹಿಡಿಯಲ್ಲಿ ತಂದು, ಕಿಟಕಿಯ ಮೇಲೆ ಸುರಿದು, ಒಂದು ಚಿಟಿಕೆ ಚೊಂಬಿಗೆ ಹಾಕಿ ಬೆರಳಲ್ಲಿ ಕದಡಿದಳು. ಕದ್ದು ಹಾಕಲಿಲ್ಲ, ನನ್ನ ಕಣ್ಣೆದುರಿಗೇ ಹಾಕಿದಳು. “ಬಳಲ್ದ ಎತ್ಗೂ ಉಪ್ಪು ನೆಕ್ಕುಸ್ತಾರೆ ಕಣ್ ಮಗ. ಎತ್ತು ಯಾರ ಮನೇದು ಅಂತ ಕೇಳ್ತಾರಾ?” ಎಂದು ಒಳಲೆಯ ಕೊಕ್ಕನ್ನು ತುಟಿಗೆ ತಾಗಿಸಿ ಕಾದಳು. ಬಲವಂತ ಮಾಡಲಿಲ್ಲ. ಬಾಯಿ ತೆರೆದವಳು ನಾನು.

ಎಷ್ಟು ಹೊತ್ತು ಹಾಗೆ ಕುಡಿಸಿದಳೋ... ಸಂಜೆಯೊಳಗೆ ಸೆಳೆತ ನಿಂತಿತು. ಬಹಳ ಹೊತ್ತಿನ ಮೇಲೆ ಮೂತ್ರ ಬಂತು. ಅದನ್ನು ಹೇಳಲು ನಾನು ಒದ್ದಾಡುತ್ತಿದ್ದರೆ ಅವ್ವ ದೇವರ ಪ್ರಸಾದ ಸಿಕ್ಕವಳ ಹಾಗೆ ನಕ್ಕಳು. “ಬೆಲ್ಲ ಬಂದೋರ್ಗೆ, ಉಪ್ಪು ಮನೇರ್ಗೆ. ನೀನೀಗ ಮನೆ ಕೂಸು. ಇನ್ನೇನ್ ನಾಚ್ಕೆ? ತೆಗಿ ಆ ಸೀರೆಯ. ನಾನೂ ಒಂದ್ ಕೂಸ ಎತ್ತೋಳೇ ಕಣವ್ವ” ಎಂದು ಹೊಲಸಾದ ಸೀರೆ, ಲಂಗ ಎಲ್ಲ ಗಂಟು ಕಟ್ಟಿ ನಾಲೆಗೆ ಒಯ್ದು ಒಗೆದು ತಂದಳು. ಸುಳ್ಳು ಹೇಳಬಾರದು, ಆ ಸಂಜೆ ನನಗೆ ನಾಚಿಕೆಯೇ ಆಗಲಿಲ್ಲ. ನನ್ನ ಮೈ ಒರೆಸುತ್ತಿದ್ದ ಕೈ ನಮ್ಮಮ್ಮನದೇ ಎನ್ನುವಷ್ಟು ಸಲೀಸಾಗಿತ್ತು.

ಅಪ್ಪ ಬಂದದ್ದು ಅದರ ಮಾರನೆಯ ದಿನ ಮಧ್ಯಾಹ್ನ, ಎತ್ತಿನಗಾಡಿಯಲ್ಲಿ. ಜೊತೆಗೆ ನಮ್ಮ ಸೋದರಮಾವ. ಅವರ ಮಗನಿಗೆ ನನ್ನನ್ನು ಕೊಡುವುದೆಂದು ಮಾತಾಗಿತ್ತು, ಮುಂದಿನ ಮಾಘದಲ್ಲಿ ಲಗ್ನ. ಅವ್ವ ನನ್ನ ಕಾಲು ತಿಕ್ಕುತ್ತಿದ್ದವಳು ಇಬ್ಬರ ಹಣೆಯ ವಿಭೂತಿ ನೋಡಿದ್ದೇ ಎದ್ದು ಹಿತ್ತಿಲಿಗಿಳಿದು ನಿಂತಳು. ಒಳಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

ಮಾವ ಒಳಗೆ ಕಾಲಿಡಲಿಲ್ಲ. ಹೊಸ್ತಿಲಲ್ಲೇ ನಿಂತು ಕೇಳಿದರು, “ಏನಮ್ಮ, ಹುಡುಗೀಗೆ ಏನು ಕೊಡ್ತಿದ್ದೆ?”

ನಾನು ಏಳಲು ನೋಡಿದೆ. ಹೇಳಬೇಕೆಂದು ಬಾಯಿ ತೆರೆದೆ. ಅವ್ವ ಬಾಗಿಲಿನಾಚೆಯಿಂದ ನನ್ನನ್ನು ನೋಡಿ ಬೇಡವೆಂದು ತಲೆಯಾಡಿಸಿದಳು. ಮದುವೆಯ ಮಾತು ನಾನೇ ಬೇಲಿಯ ಹತ್ತಿರ ನಿಂತು ಅವಳಿಗೆ ಹೇಳಿದ್ದೆ, ಹುಡುಗನ ಮೂಗು ಉದ್ದ ಎಂದು ಇಬ್ಬರೂ ನಕ್ಕಿದ್ದೆವು. ಅವಳು ಅದನ್ನು ಮರೆತಿರಲಿಲ್ಲ.

“ಬರೀ ಬೆಲ್ಲದ ನೀರು ಬುದ್ಧಿ” ಎಂದಳು. “ನಮ್ಮನೆ ಉಪ್ಪು ಮುಟ್ಟುಸ್ಲಿಲ್ಲ.”

ಮಾವ ಸಮಾಧಾನದಿಂದ ಗಾಡಿಯ ಕಡೆ ಹೋದರು. ಅಪ್ಪ ಒಳಗೆ ಬಂದು ನನ್ನ ಹಣೆ ಮುಟ್ಟಿ ನೋಡಿ, ಹೆಗಲ ಮೇಲಿದ್ದ ವಲ್ಲಿಯನ್ನು ತೆಗೆದು ಕಿಟಕಿಯ ಮೇಲೆ ಹಾಕಿದರು. ಹೊರಡುವಾಗ ಅದನ್ನು ಒಮ್ಮೆ ಕೊಡವಿ ಹೆಗಲಿಗೆ ಹಾಕಿಕೊಂಡರು. ನನ್ನನ್ನು ಗಾಡಿಯಲ್ಲಿ ಮಲಗಿಸಿದ ಮೇಲೆ, ಏನೋ ಮರೆತವರಂತೆ ಬೇಲಿಯ ತನಕ ಹೋಗಿ ಅವ್ವನ ಎದುರು ಕೈಮುಗಿದು ನಿಂತದ್ದು ಗಾಡಿಯ ಹಿಂಬದಿಯಿಂದ ಕಂಡಿತು. ಮಾತು ಕೇಳಿಸಲಿಲ್ಲ. ಹೊಳೆ ಬೋರ್ಗರೆಯುತ್ತಿತ್ತು.

ಊರಿಗೆ ಹೋಗಿ ಸ್ವಲ್ಪ ಚೇತರಿಸಿಕೊಂಡ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಪ್ಪನಿಗೆ ನಿಜ ಹೇಳಿದೆ. ಅಪ್ಪ ಮುಖವೆತ್ತಲಿಲ್ಲ. “ಗೊತ್ತು. ಕಿಟಕಿ ಮೇಲೆ ಹರಳು ಬಿದ್ದಿತ್ತು. ಜೀವಮಾನವೆಲ್ಲ ಉಪ್ಪು ಅಳೆದವನಿಗೆ ಅಷ್ಟೂ ಕಾಣಲ್ವಾ?” ಎಂದರು. ನಾನು ಸಿಟ್ಟಿನಿಂದ ಅತ್ತೆ. “ಕೈಮುಗಿದು ಬಂದಿದ್ದೀನಿ ಬಿಡು” ಎಂದರು. ಆ ಒಂದು ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ನಮ್ಮಪ್ಪ ಆಚಾರದ ಮನುಷ್ಯ, ಆದರೂ ಅವ್ವನಿಗೆ ಕೈಮುಗಿದು ಉಪಕಾರ ನೆನೆದರಲ್ಲ... ಎಷ್ಟೋ ವರ್ಷ ಅದೇ ನನಗೆ ಸಮಾಧಾನ.

ರಜೆ ಮುಗಿಸಿ ಚುಂಚನಕಟ್ಟೆಗೆ ಹಿಂತಿರುಗಿದಾಗ ಬೇಲಿಯ ಮೇಲೆ ಮೊದಲಿನಂತೆಯೇ ಅವ್ವನ ತಲೆ ಕಂಡಿತು. “ಎಂಗಿದೀರಿ ಟೀಚರಮ್ಮ? ಮೈ ಉಸಾರಾಗದಾ?” ಎಂದಳು. “ಮಗ” ಎನ್ನಲಿಲ್ಲ. ಕೆಣಕಲಿಲ್ಲ. ಬದನೆಕಾಯಿ ಬಂತು, ಸೊಪ್ಪು ಬಂತು. ನಾನು ಬೇಲಿ ದಾಟಿ ಅವಳ ಮನೆಗೆ ಹೋಗಲು ನೋಡಿದ ದಿನ, “ಬ್ಯಾಡಿ, ಯಾರಾದ್ರೂ ನೋಡಾರು” ಎಂದು ತಾನೇ ಈಚೆಗೆ ಬಂದು ನಿಂತಳು. ಮಾಘದಲ್ಲಿ ನನ್ನ ಲಗ್ನವಾಯಿತು. ಕೆಲಸ ಬಿಟ್ಟು ಮೈಸೂರು ಸೇರಿದೆ. ಸಂಸಾರ ಚೆನ್ನಾಗಿಯೇ ನಡೆಯಿತು. ಅದು ಯಾರ ಸುಳ್ಳಿನ ಮೇಲೆ ನಿಂತಿದೆಯೆಂದು ನನಗೂ ಅಪ್ಪನಿಗೂ ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮದುವೆಯ ನಂತರ, ಗಂಡನ ಒತ್ತಾಸೆಯಿಂದಲೇ, ಎಂ.ಎಸ್ಸಿ.ಗೆ ಸೇರಿದೆ. ಒಂದು ದಿನ ಪಾಠದಲ್ಲಿ ಕರುಳಿನ ಗೋಡೆಯ ಜೀವಕೋಶ ಬಂತು. ಅದರ ಮೇಲೊಂದು ಬಾಗಿಲಿದೆಯಂತೆ. ಸಕ್ಕರೆ ಒಂಟಿಯಾಗಿ ಬಂದರೆ ಅದು ತೆರೆಯುವುದಿಲ್ಲ. ಉಪ್ಪಿನೊಳಗಿನ ಸೋಡಿಯಂ ಜೊತೆಗಿರಬೇಕು, ಆಗ ಎರಡೂ ಕೂಡಿಯೇ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರು. ಒಳಗೆ ಬಂದ ಸೋಡಿಯಂ ಅಲ್ಲೇ ತುಂಬಿಕೊಂಡರೆ ನಾನು ಒಲೆ ಎನ್ನುತ್ತಿದ್ದ ಮೈಟೋಕಾಂಡ್ರಿಯಾಕ್ಕೇ ತೊಂದರೆ. ಅದನ್ನು ಸದಾ ಹೊರಗೆ ಎತ್ತಿಹಾಕುತ್ತಿರಬೇಕು, ಆ ಕೆಲಸಕ್ಕೆ ಶಕ್ತಿ ಕೊಡುವುದೂ ಅದೇ ಒಲೆ. ಒಲೆಗೆ ಸೌದೆ ಬರಬೇಕಾದರೆ ಉಪ್ಪು ಬೇಕು, ಉಪ್ಪು ತನ್ನ ಕೆಲಸ ಮಾಡಬೇಕಾದರೆ ಒಲೆ ಉರಿಯಬೇಕು. ಭೇದಿಯಲ್ಲಿ ಉಪ್ಪೂ ನೀರೂ ಹರಿದುಹೋದವರಿಗೆ ಬರೀ ಬೆಲ್ಲ ಕೊಟ್ಟರೆ ಅದು ಕರುಳಿನಲ್ಲೇ ಉಳಿದು ಮೈಯ ನೀರನ್ನು ಇನ್ನಷ್ಟು ಎಳೆದು ಹೊರಹಾಕುತ್ತದೆ. ಜಗಲಿಯ ಮೇಲೆ ಕೂರಿಸಿ ವಾಪಸ್ಸು ಕಳಿಸಿದ ಹಾಗೆ. ಅವ್ವನಿಗೆ ಇದೆಲ್ಲ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಅವಳು ಎತ್ತನ್ನು ನೆನೆದು ಹಾಕಿದಳು, ಮಗಳೆಂದುಕೊಂಡು ಹಾಕಿದಳು, ಅಷ್ಟೆ. ನನಗೆ ಮಾತ್ರ ಕ್ಲಾಸಿನಲ್ಲಿ ಬೆವರಿತು. ಬರೀ ಬೆಲ್ಲದ ನೀರಿನಿಂದ ನಾನು ಬದುಕುವುದು ಸಾಧ್ಯವೇ ಇರಲಿಲ್ಲ. ಹಿತ್ತಿಲಿನಲ್ಲಿ ತಲೆ ತಗ್ಗಿಸಿ ಅವಳು ಹೇಳಿದ ಮಾತನ್ನು ನಾನು ಬದುಕಿ ಉಳಿದಿರುವುದೇ ಸುಳ್ಳು ಮಾಡುತ್ತಿತ್ತು.

ಮುಂದೆ ಕಾಲೇಜಿನಲ್ಲಿ ವರ್ಷ ವರ್ಷವೂ ಆ ಬಾಗಿಲನ್ನು ನಾನೇ ಬೋರ್ಡಿನ ಮೇಲೆ ಬರೆದೆ. ಸೋಡಿಯಂ ಎಂದು ಬರೆಯುವಾಗಲೆಲ್ಲ ಬೆನ್ನ ಹಿಂದೆ “ಮುಟ್ಟುಸ್ಲಿಲ್ಲ ಬುದ್ಧಿ” ಎಂದು ಕೇಳಿಸುತ್ತಿತ್ತು. ಹೋಗಿ ಅವಳಿಗೆ ಇದನ್ನು ಹೇಳಬೇಕು, ಅವಳ ಮನೆಯಲ್ಲಿ ಕೂತು ಉಪ್ಪು ಹಾಕಿದ ಊಟ ಉಣ್ಣಬೇಕು ಎಂದುಕೊಳ್ಳುತ್ತಿದ್ದೆ. ಮಾವ ಇದ್ದಾರೆ, ಈಗ ಬೇಡ. ಮಕ್ಕಳು ಚಿಕ್ಕವರು, ಈಗ ಬೇಡ. ಮೈಸೂರಿನಿಂದ ಚುಂಚನಕಟ್ಟೆ ಬೆಳಿಗ್ಗೆ ಹೊರಟರೆ ಸಂಜೆಗೆ ಬರುವ ದೂರ. ಆ ದೂರ ನಡೆಯಲು ನನಗೆ ಮಾವನೂ ಅಪ್ಪನೂ ಇಲ್ಲವಾಗಬೇಕಾಯಿತು.

ಹೋದಾಗ ಬೇಲಿಯಿದ್ದಲ್ಲಿ ಇಟ್ಟಿಗೆಯ ಗೋಡೆ ಎದ್ದಿತ್ತು. ಮನೆ ಹೆಂಚಿನದಾಗಿತ್ತು. ಸೊಸೆ ಬಾಗಿಲಿಗೆ ಬಂದಳು, ಅವಳಿಗೇ ತಲೆ ನರೆತಿತ್ತು. ಅವ್ವ ಹೋಗಿ ಬಹಳ ದಿನವಾಗಿತ್ತು. ನಾನು ಯಾರೆಂದು ಹೇಳಿದ ಕೂಡಲೇ ಅವಳ ಮುಖ ಅರಳಿತು. ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ, ಒಂದು ಅಚ್ಚು ಬೆಲ್ಲ, ಚೊಂಬಿನಲ್ಲಿ ನೀರು ತಂದಿಟ್ಟಳು. ಒಳಗಿನಿಂದ ಉಪ್ಸಾರಿನ ಘಮ ಬರುತ್ತಿತ್ತು.

“ಬೆಲ್ಲ ಬೇಡ ತಾಯಿ” ಎಂದೆ. “ಒಂದು ಮುದ್ದೆ ಊಟ ಹಾಕ್ತೀಯಾ?”

ಅವಳು ಕಕ್ಕಾಬಿಕ್ಕಿಯಾದಳು. ಬಾಗಿಲ ಮೇಲಿದ್ದ ಅತ್ತೆಯ ಫೋಟೋ ಕಡೆ ನೋಡಿದಳು. “ಬ್ಯಾಡಿ ಕಣಮ್ಮ. ಅತ್ತೆ ಏಳೋಗವ್ರೆ. ಆ ಟೀಚರಮ್ಮ ಯಾವತ್ತಾರ ಬಂದ್ರೆ ಬೆಲ್ಲ ನೀರು ಕೊಡು, ಉಪ್ಪು ಬಿದ್ದದ್ದು ಮಾತ್ರ ಮುಟ್ಟುಸ್ಬ್ಯಾಡ ಅಂತ. ನಿಮ್ಮಪ್ಪಾರು ಬೇಲಿ ತಾವ ಕೈಮುಕ್ಕೊಂಡು ಕೇಳ್ಕಂಡ್ರಂತಲ್ಲ, ಉಪ್ಪು ಮುಟ್ಟುಸ್ಲಿಲ್ಲ ಅಂತ ಈಗ ಏಳ್ದಂಗೇ ಕೊನೇಗಂಟ ಏಳು ತಾಯಿ ಅಂತ. ಅತ್ತೆ ಆಗ್ಲಿ ಅಂತ ಮಾತು ಕೊಟ್ಬುಟ್ರಂತೆ.”

ಅಪ್ಪ ಕೈಮುಗಿದದ್ದು ಅದಕ್ಕೆ.

ಇನ್ನೊಮ್ಮೆ ಕೇಳಿದ್ದರೆ ಆ ಸೊಸೆ ಬಡಿಸುತ್ತಿದ್ದಳೇನೋ. ಅತ್ತೆಯ ಮಾತು ಮುರಿ ಎಂದು ಅವಳನ್ನು ಕೇಳುವ ಮುಖ ನನಗಿರಲಿಲ್ಲ. ನಮ್ಮಪ್ಪನಿಗೆ ಕೊಟ್ಟ ಮಾತನ್ನು ನಾನು ಕಷ್ಟ ಬಂದಾಗ ಒಂದು ಹಗಲೂ ಉಳಿಸಿಕೊಳ್ಳಲಿಲ್ಲ, ಅವ್ವ ಸತ್ತ ಮೇಲೂ ಉಳಿಸಿಕೊಂಡಿದ್ದಳು. ಬೆಲ್ಲ ಕಚ್ಚಿ ನೀರು ಕುಡಿದು ಎದ್ದುಬಂದೆ.

ನಾಮಕರಣಕ್ಕೆ ಬೆಳ್ಳಿ ಲೋಟ ಕೊಟ್ಟೆ. ಒಳಲೆಯನ್ನೂ ಕೊಂಡಿದ್ದೆ, ಅದು ನನ್ನ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಪಕ್ಕದಲ್ಲಿದೆ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎನ್ನುತ್ತಾರೆ. ಮುಪ್ಪೂ ಬಂತು, ನೆನೆಯುತ್ತಲೂ ಇದ್ದೇನೆ... ಆದರೆ ಉಪ್ಪಿಟ್ಟವಳು ತಾನು ಇಡಲೇ ಇಲ್ಲವೆಂದು ಹೇಳಿ ಹೋಗಿದ್ದಾಳೆ. ಅವಳ ಮನೆಯ ಲೆಕ್ಕದಲ್ಲಿ ನಾನು ಇವತ್ತಿಗೂ ಜಗಲಿಯ ಮೇಲೆ ಕೂತು ಬೆಲ್ಲ ತಿಂದು ಹೋದವಳು.